ಮುಳ್ಳು ಕಿತ್ತ ಕಥೆ ನಮ್ಮ ಮಕ್ಕಳಿಗೆ ಬೇಡ



2025ರ ಆಗಸ್ಟ್ 1ರಂದು ತಮಿಳುನಾಡಿನ ಥಿಯೇಟರುಗಳಲ್ಲಿ 'ಅಂಬಿಕಾಪತಿ' ಚಿತ್ರ ಮತ್ತೆ ಬಿಡುಗಡೆಯಾಯಿತು. 2013ರಲ್ಲಿ ಹಿಂದಿಯಲ್ಲಿ 'ರಾಂಝಣಾ' ಎಂಬ ಹೆಸರಿನಲ್ಲಿ ಬಂದ ಧನುಷ್ ಚಿತ್ರದ ತಮಿಳು ರೂಪ ಅದು. ಮೂಲ ಚಿತ್ರದ ಕೊನೆಯಲ್ಲಿ ನಾಯಕ ಸಾಯುತ್ತಾನೆ. ಈ ಸಲ ಕೃತಕ ಬುದ್ಧಿಮತ್ತೆಯಿಂದ ಕೊನೆಯನ್ನು ಬದಲಾಯಿಸಿದ್ದರು. ಸತ್ತವನು ಆಸ್ಪತ್ರೆಯ ಹಾಸಿಗೆಯಲ್ಲಿ ಕಣ್ಣು ಬಿಟ್ಟ, ಎಲ್ಲರೂ ಸಂತೋಷವಾಗಿ ಮನೆಗೆ ಹೋದರು. ನಿರ್ದೇಶಕ ಆನಂದ್ ಎಲ್. ರಾಯ್ ಮತ್ತು ಧನುಷ್ ಇಬ್ಬರೂ ಇದನ್ನು ಬಹಿರಂಗವಾಗಿ ವಿರೋಧಿಸಿದರು. ನಮ್ಮ ವಾಟ್ಸ್ಯಾಪ್ ಗುಂಪುಗಳಲ್ಲೂ ಎರಡು ದಿನ ಚರ್ಚೆ ನಡೆಯಿತು. ಚಿತ್ರದ ಹಕ್ಕು ಯಾರದು, ನಿರ್ಮಾಪಕರದೋ ನಿರ್ದೇಶಕರದೋ ಎಂದು ವಾದಿಸಿದರು. ಆಮೇಲೆ ಎಲ್ಲರೂ ಮರೆತರು.

ನನಗೆ ಹಕ್ಕಿನ ಪ್ರಶ್ನೆಗಿಂತ ಇನ್ನೊಂದು ಪ್ರಶ್ನೆ ದೊಡ್ಡದಾಗಿ ಕಂಡಿತು. ಆ ನಾಯಕನ ಹೊಟ್ಟೆಕಿಚ್ಚಿನಿಂದ ಒಬ್ಬ ಮನುಷ್ಯನ ಜೀವ ಹೋಗಿತ್ತು. ಅವನ ಸಾವು ಆ ತಪ್ಪಿಗೆ ಅವನು ತೆತ್ತ ಬೆಲೆ. ಆ ಬೆಲೆಯನ್ನು ಅಳಿಸಿದರೆ ಉಳಿಯುವುದೇನು? ತಪ್ಪು ಮಾಡಿದರೂ ಕೊನೆಗೆ ಎಲ್ಲ ಸರಿಹೋಗುತ್ತದೆ ಎನ್ನುವ ಪಾಠ. ಕೊನೆಯ ಐದು ನಿಮಿಷ ಬದಲಾದರೆ ಇಡೀ ಕಥೆಯ ನೀತಿಯೇ ತಿರುಗಿ ನಿಲ್ಲುತ್ತದೆ.

ಸಿನಿಮಾದ ವಿಷಯ ಹಾಗಿರಲಿ. ಇದೇ ಕೆಲಸ ಸಣ್ಣ ಪ್ರಮಾಣದಲ್ಲಿ, ಸದ್ದಿಲ್ಲದೆ, ಪ್ರತಿ ಶನಿವಾರ ರಾತ್ರಿ ನಮ್ಮ ಫೋನುಗಳಲ್ಲೇ ನಡೆಯುತ್ತಿದೆ. ಭಾನುವಾರದ ಧರ್ಮೋಪದೇಶ ತರಗತಿಗೆ ಕಥೆ ಬೇಕು, ಕ್ರಿಸ್ಮಸ್ ನಾಟಕಕ್ಕೆ ಸಂಭಾಷಣೆ ಬೇಕು, ಮಗು ಮಲಗುವಾಗ ಒಂದು ನೀತಿಕಥೆ ಬೇಕು ಎಂದ ಕೂಡಲೇ ಎಐ ಹತ್ತಿರ ಕೇಳುತ್ತೇವೆ. ಹತ್ತು ಸೆಕೆಂಡಿನಲ್ಲಿ ಕಥೆ ಬರುತ್ತದೆ, ಚಿತ್ರ ಬರುತ್ತದೆ, ಓದಿ ಹೇಳುವ ದನಿಯೂ ಬರುತ್ತದೆ. ಇದರ ವಿರುದ್ಧ ನಾನು ಈ ಲೇಖನ ಬರೆಯುತ್ತಿದ್ದೇನೆ. ನೀತಿಯ ಕಥೆಯನ್ನು ಯಂತ್ರದ ಕೈಗೆ ಕೊಡಬಾರದು ಎಂಬುದು ನನ್ನ ವಾದ. ಮಾತು ಖಾರವಾದರೆ ಸಹಿಸಿಕೊಳ್ಳಿ, ಆದರೆ ಕೊನೆಯವರೆಗೂ ಓದಿ.

ಯಂತ್ರ ಕಥೆ ಹೇಗೆ ಹೇಳುತ್ತದೆ?

ಬಿಎಸ್ಸಿ ಓದಿದವನಾದ್ದರಿಂದ ಇದನ್ನು ಮೊದಲು ಸರಳವಾಗಿ ಹೇಳಿಬಿಡುತ್ತೇನೆ. ಈ ಯಂತ್ರ ಇಂಟರ್ನೆಟ್ಟಿನಲ್ಲಿರುವ ರಾಶಿ ರಾಶಿ ಬರಹವನ್ನು ಓದಿ, ಒಂದು ಪದದ ನಂತರ ಯಾವ ಪದ ಬರುವ ಸಂಭವ ಹೆಚ್ಚು ಎಂದು ಲೆಕ್ಕ ಕಲಿತಿದೆ. ಅದಾದ ಮೇಲೆ ಅದಕ್ಕೆ ಎರಡನೇ ಪಾಠ. ಒಂದೇ ಪ್ರಶ್ನೆಗೆ ಅದು ಕೊಟ್ಟ ಎರಡು ಉತ್ತರಗಳನ್ನು ಮನುಷ್ಯರು ನೋಡಿ, ಯಾವುದು ಮೆಚ್ಚುಗೆಯಾಯಿತು ಎಂದು ಗುರುತು ಹಾಕುತ್ತಾರೆ. ಮೆಚ್ಚುಗೆ ಹೆಚ್ಚು ಸಿಕ್ಕ ಕಡೆಗೆ ಯಂತ್ರ ವಾಲುತ್ತದೆ. ಹಾಗಾಗಿ ಅದರ ಸ್ವಭಾವದಲ್ಲಿ ಎರಡು ಗುಣ ಸೇರಿಕೊಂಡಿವೆ. ಒಂದು, ಎಲ್ಲರೂ ನಡೆದ ದಾರಿಯಲ್ಲೇ ನಡೆಯುವುದು. ಇನ್ನೊಂದು, ಕೇಳಿದವನ ಮನಸ್ಸು ನೋಯಿಸದಿರುವುದು.

ಪತ್ರ ಬರೆಯಲು, ಲೆಕ್ಕ ವಿವರಿಸಲು ಈ ಎರಡು ಗುಣ ಒಳ್ಳೆಯವೇ. ಆದರೆ ನೀತಿಯ ಕಥೆಗೆ ಇವೇ ವಿಷ. ಯಾಕೆಂದರೆ ಮನಸ್ಸು ಸ್ವಲ್ಪವಾದರೂ ನೋಯದೆ ಯಾರೂ ನೀತಿ ಕಲಿತದ್ದಿಲ್ಲ.

ಇದು ನನ್ನ ಊಹೆ ಎಂದುಕೊಳ್ಳಬೇಡಿ. ನಾರ್ವೆ ದೇಶದ ಬರ್ಗನ್ ವಿಶ್ವವಿದ್ಯಾಲಯದ ಸಂಶೋಧಕರು 2025ರಲ್ಲಿ ಒಂದು ಪರೀಕ್ಷೆ ಮಾಡಿದರು. 236 ದೇಶ ಮತ್ತು ಪ್ರದೇಶಗಳ ಹೆಸರು ಹಿಡಿದು, ಪ್ರತಿಯೊಂದಕ್ಕೂ 50ರಂತೆ ಒಟ್ಟು 11,800 ಕಥೆಗಳನ್ನು ಯಂತ್ರದಿಂದ ಬರೆಸಿದರು. ಮೇಲ್ನೋಟಕ್ಕೆ ಊರು, ಊಟ, ಉಡುಪು ಬೇರೆ ಬೇರೆ. ಒಳಗೆ ನೋಡಿದರೆ ಹೆಚ್ಚುಕಡಿಮೆ ಒಂದೇ ಕಥೆ. ಒಬ್ಬರು ಚಿಕ್ಕ ಊರಿನಲ್ಲಿ ಇರುತ್ತಾರೆ ಅಥವಾ ಅಲ್ಲಿಗೆ ಮರಳುತ್ತಾರೆ, ಒಂದು ಸಣ್ಣ ತೊಂದರೆ ಬರುತ್ತದೆ, ಹಳೆಯ ಸಂಪ್ರದಾಯವನ್ನು ನೆನೆದು ಊರವರೆಲ್ಲ ಸೇರಿ ಒಂದು ಕಾರ್ಯಕ್ರಮ ಮಾಡುತ್ತಾರೆ, ಎಲ್ಲವೂ ಸರಿಹೋಗುತ್ತದೆ. ದೊಡ್ಡ ಜಗಳ ಇಲ್ಲ, ಪ್ರೇಮವೂ ಅಷ್ಟಾಗಿ ಇಲ್ಲ, ತೀರದ ದುಃಖ ಇಲ್ಲ. ಕೀನ್ಯಾದ ಕಥೆಗೂ ಕೊರಿಯಾದ ಕಥೆಗೂ ಅಂಗಿ ಮಾತ್ರ ಬೇರೆ.

ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದವರದು ಇನ್ನೊಂದು ಪರೀಕ್ಷೆ. ಭಾರತದವರು, ಅಮೆರಿಕದವರು ಸೇರಿ 118 ಮಂದಿಗೆ ತಮ್ಮ ಊಟ, ಹಬ್ಬ ಮುಂತಾದ ವಿಷಯ ಬರೆಯಲು ಹೇಳಿದರು. ಕೆಲವರಿಗೆ ಮಾತ್ರ ಎಐ ಸಲಹೆ ಕೊಡುತ್ತಿತ್ತು. ಸಲಹೆ ಪಡೆದ ಭಾರತೀಯರ ಬರಹ ಅಮೆರಿಕದವರ ಬರಹದ ಹಾಗಾಗುತ್ತಾ ಹೋಯಿತು. ಇಷ್ಟದ ಊಟ ಎಂದು ಶುರು ಮಾಡಿದರೆ ಯಂತ್ರ ಪಿಜ್ಜಾ ಎನ್ನುತ್ತಿತ್ತು, ಹಬ್ಬ ಎಂದರೆ ಕ್ರಿಸ್ಮಸ್ ಎನ್ನುತ್ತಿತ್ತು. ನಮಗೆ ಕ್ರಿಸ್ಮಸ್ ಕೇಳಿದರೆ ಖುಷಿಯೇ. ಆದರೆ ಯಂತ್ರ ಹೇಳುವ ಕ್ರಿಸ್ಮಸ್ಸಿನಲ್ಲಿ ಹಿಮ ಬೀಳುತ್ತದೆ. ನಮ್ಮ ಕ್ರಿಸ್ಮಸ್ಸಿನಲ್ಲಿ ಕಜ್ಜಾಯ ಇದೆ, ಪಕ್ಕದ ಮನೆಗೆ ತಟ್ಟೆ ತಗೊಂಡು ಹೋಗುವ ಮಕ್ಕಳಿದ್ದಾರೆ, ಬನಿಯನ್ ಕಂಪನಿ ರಜೆ ಕೊಡುತ್ತದೋ ಇಲ್ಲವೋ ಎಂಬ ಚಿಂತೆ ಇದೆ.

ಕನ್ನಡದ ಪಾಲೂ ಇಲ್ಲಿ ಕಡಿಮೆ. ಇಂಥ ಯಂತ್ರಗಳು ಓದುವ ಇಂಟರ್ನೆಟ್ ಬರಹದ ಸಂಗ್ರಹಗಳಲ್ಲಿ ಇಂಗ್ಲಿಷ್ ಒಂದೇ ಶೇಕಡಾ 40ಕ್ಕೂ ಹೆಚ್ಚು. ಕನ್ನಡದ ಪಾಲು ಸಾವಿರದಲ್ಲಿ ಒಂದು ಭಾಗವನ್ನೂ ಮುಟ್ಟುವುದಿಲ್ಲ. ಆ ಚೂರಿನಲ್ಲಿ ಕೊಯಮತ್ತೂರು, ತಿರುಪ್ಪೂರಿನ ಮನೆಗಳಲ್ಲಿ ಆಡುವ ಕನ್ನಡ ಎಷ್ಟಿರಬಹುದು ನೀವೇ ಯೋಚಿಸಿ.

ಸಾಮತಿಗಳಿಗೆ ಏನಾಗುತ್ತಿದೆ?

ಬೇಸಿಗೆ ರಜೆಯ ಬೈಬಲ್ ಶಿಬಿರಕ್ಕೆ ಮುಂಚೆ ನಮ್ಮ ಯುವ ಬಳಗದವರು ಬೇಕೆಂದೇ ಒಂದು ಪರೀಕ್ಷೆ ಮಾಡಿದೆವು. ನಾಲ್ಕು ಫೋನುಗಳಲ್ಲಿ, ದ್ರಾಕ್ಷಾತೋಟದ ಕೂಲಿಗಳ ಸಾಮತಿಯನ್ನು ಎಂಟು ವರ್ಷದ ಮಕ್ಕಳಿಗೆ ಹೇಳುವ ಹಾಗೆ ಕನ್ನಡದಲ್ಲಿ ಬರೆದುಕೊಡು ಎಂದು ಕೇಳಿದೆವು. ನಾಲ್ಕರಲ್ಲೂ ಮೊದಲ ಸಾಲಿನಲ್ಲೇ ಯಜಮಾನ ದಯಾಳು ಎಂದು ಬಂತು. ನಾಲ್ಕರಲ್ಲೂ ಗೊಣಗಿದ ಕೂಲಿಗಳು ಕೊನೆಗೆ ತಪ್ಪು ಅರಿತು ನಕ್ಕು ಮನೆಗೆ ಹೋದರು. ಒಂದರಲ್ಲಂತೂ ಬೆಳಿಗ್ಗೆಯಿಂದ ದುಡಿದವರಿಗೆ ಯಜಮಾನ ಒಂದೊಂದು ಬುಟ್ಟಿ ದ್ರಾಕ್ಷಿ ಉಡುಗೊರೆ ಕೊಟ್ಟು ಸಮಾಧಾನ ಮಾಡಿದ!

ಈಗ ಮತ್ತಾಯನ ಶುಭಸಂದೇಶದ 20ನೇ ಅಧ್ಯಾಯ ತೆರೆದು ನೋಡಿ. ಅಲ್ಲಿ ಯಾರೂ ನಗುವುದಿಲ್ಲ. ಮುಂಜಾನೆಯಿಂದ ಬಿಸಿಲಿನಲ್ಲಿ ದುಡಿದವರಿಗೂ, ಸಂಜೆ ಐದಕ್ಕೆ ಬಂದು ಒಂದು ಗಂಟೆ ಕೆಲಸ ಮಾಡಿದವರಿಗೂ ಒಂದೇ ಕೂಲಿ. ದುಡಿದವರು ಗೊಣಗುತ್ತಾರೆ. ಯಜಮಾನ ತಿರುಗಿ ಪ್ರಶ್ನೆ ಕೇಳುತ್ತಾನೆ. ಗೊಣಗಿದವರು ಏನು ಉತ್ತರ ಕೊಟ್ಟರು ಎಂದು ಯೇಸು ಹೇಳುವುದೇ ಇಲ್ಲ.

ಈ ಕಥೆ ತಿರುಪ್ಪೂರಿನಲ್ಲಿ ಚುಚ್ಚಿದ ಹಾಗೆ ಬೇರೆಲ್ಲೂ ಚುಚ್ಚಲಾರದು. ಭಾರತದಿಂದ ಹೊರದೇಶಕ್ಕೆ ಹೋಗುವ ಹೆಣಿಗೆ ಬಟ್ಟೆಯಲ್ಲಿ ಅರ್ಧಕ್ಕಿಂತ ಹೆಚ್ಚು ಹೋಗುವುದು ನಮ್ಮ ತಿರುಪ್ಪೂರಿನಿಂದ. ಇಲ್ಲಿ ಕೂಲಿಯ ಲೆಕ್ಕ ಎಲ್ಲರ ಬಾಯಲ್ಲೂ ಇದೆ. ಪೀಸ್ ರೇಟ್ ಎಷ್ಟು, ಒಂದು ಶಿಫ್ಟಾ ಒಂದೂವರೆ ಶಿಫ್ಟಾ, ಪವರ್ ಟೇಬಲ್ ಅಣ್ಣನಿಗೆ ಎಷ್ಟು, ಚೆಕ್ಕಿಂಗ್ ಅಕ್ಕನಿಗೆ ಎಷ್ಟು ಎಂಬುದು ಮಕ್ಕಳಿಗೂ ಗೊತ್ತು. 2025ರ ಆಗಸ್ಟ್ 27ರಿಂದ ಅಮೆರಿಕ ನಮ್ಮ ಸರಕಿನ ಮೇಲಿನ ಸುಂಕವನ್ನು ಶೇಕಡಾ 50ಕ್ಕೆ ಏರಿಸಿದಾಗ ಆರ್ಡರ್ ನಿಂತವು, ಕೆಲಸ ಹುಡುಕಿಕೊಂಡು ನಿಲ್ಲುವುದು ಏನು ಎಂದು ಎಷ್ಟೋ ಮನೆಗಳಿಗೆ ಗೊತ್ತಾಯಿತು. ಸಂಜೆ ಐದರವರೆಗೂ ಯಾರೂ ಕರೆಯದೆ ಪೇಟೆಯಲ್ಲಿ ನಿಂತವನು ಅಂದು ನಮ್ಮವನೇ ಆಗಿದ್ದ. ಅಂಥ ಊರಿನ ಮಗುವಿಗೆ ಈ ಸಾಮತಿ ಹೇಳಿದರೆ ಅದು ಖಂಡಿತ ಕೇಳುತ್ತದೆ: "ಅಣ್ಣಾ, ಇದು ಅನ್ಯಾಯ ಅಲ್ವಾ? ನಮ್ಮ ಅಮ್ಮ ಬೆಳಿಗ್ಗೆಯಿಂದ ದುಡೀತಾರೆ!" ಆ ಪ್ರಶ್ನೆ ಬಂದ ಕ್ಷಣವೇ ಸಾಮತಿ ಕೆಲಸ ಶುರು ಮಾಡಿತು ಎಂದರ್ಥ. ದೇವರ ರಾಜ್ಯದ ಲೆಕ್ಕ ಕಂಪನಿಯ ಲೆಕ್ಕದ ಹಾಗಿಲ್ಲ ಎಂಬುದನ್ನು ಮಗು ಜಗಳವಾಡಿ ಕಲಿಯಬೇಕು. ಬುಟ್ಟಿ ದ್ರಾಕ್ಷಿ ಕೊಟ್ಟು ಆ ಜಗಳವನ್ನು ಮುಗಿಸಿದವನು ಮಗುವಿನ ಕೈಯಿಂದ ಶುಭಸಂದೇಶವನ್ನೇ ಕಿತ್ತುಕೊಂಡ.

ಲೂಕನ 15ನೇ ಅಧ್ಯಾಯದ ದುಂದುಗಾರ ಮಗನ ಕಥೆಯೂ ಹಾಗೆಯೇ. ತಮ್ಮ ಮನೆಗೆ ಬಂದ, ಹಬ್ಬದ ಊಟ ನಡೆಯುತ್ತಿದೆ, ಅಣ್ಣ ಅಂಗಳದಲ್ಲೇ ಮುನಿಸಿಕೊಂಡು ನಿಂತಿದ್ದಾನೆ. ತಂದೆ ಹೊರಗೆ ಬಂದು ಬೇಡಿಕೊಳ್ಳುತ್ತಾನೆ. ಅಣ್ಣ ಒಳಗೆ ಹೋದನೇ? ಯೇಸು ಹೇಳಲಿಲ್ಲ. ಯಾಕೆಂದರೆ ಅಂಗಳದಲ್ಲಿ ನಿಂತವರು ಕಥೆ ಕೇಳುತ್ತಿದ್ದ ಫರಿಸಾಯರು, ಇವತ್ತು ಪೂಜೆಗೆ ತಪ್ಪದೆ ಬರುವ ನಾವು. ಉತ್ತರ ಕೊಡಬೇಕಾದವರು ನಾವು. ಯಂತ್ರ ಏನು ಮಾಡುತ್ತದೆ? ಅಣ್ಣನನ್ನು ಒಳಗೆ ಕಳಿಸಿ, ತಮ್ಮನನ್ನು ಅಪ್ಪಿಕೊಳ್ಳುವಂತೆ ಮಾಡಿ, ಕೆಳಗೆ 'ನೀತಿ: ಕ್ಷಮಿಸುವುದು ಒಳ್ಳೆಯದು' ಎಂದು ಬರೆಯುತ್ತದೆ. ನಮ್ಮ ಪರವಾಗಿ ಉತ್ತರವನ್ನೂ ಅದೇ ಕೊಟ್ಟುಬಿಟ್ಟಿತು. ನಮಗೆ ಉಳಿದ ಕೆಲಸವೇನು? ಲೈಕ್ ಒತ್ತುವುದು.

"ಕಥೆಗಳು ಯಾವಾಗಲೂ ಬದಲಾಗುತ್ತಿದ್ದವಲ್ಲ?"

ಇದು ನಾನು ಹೆಚ್ಚು ಸಲ ಕೇಳಿದ ಆಕ್ಷೇಪ. ತೂಕವಿರುವ ಆಕ್ಷೇಪವೂ ಹೌದು. ಕಥೆ ಎಂದರೆ ಕಲ್ಲಿನ ಶಾಸನವಲ್ಲ. ಪಂಚತಂತ್ರವನ್ನು 11ನೇ ಶತಮಾನದಲ್ಲಿ ದುರ್ಗಸಿಂಹ ಕನ್ನಡಕ್ಕೆ ತಂದ, ತಂದವನು ತನ್ನ ಕಾಲಕ್ಕೆ ತಕ್ಕಂತೆ ಹೇಳಿದ. ಬುದ್ಧನ ಜೀವನಕಥೆ ಭಾರತದಿಂದ ಹೊರಟು ಅರಬ್ಬಿ, ಜಾರ್ಜಿಯನ್, ಗ್ರೀಕ್, ಲ್ಯಾಟಿನ್ ಭಾಷೆಗಳನ್ನು ದಾಟಿ ಯೂರೋಪಿಗೆ ಹೋಗುವಷ್ಟರಲ್ಲಿ ಬರ್ಲಾಮ್ ಮತ್ತು ಯೋಸಫಾತ್ ಎಂಬ ಕ್ರೈಸ್ತ ಸಂತರ ಕಥೆಯಾಗಿತ್ತು. ಬೋಧಿಸತ್ವ ಎಂಬ ಹೆಸರೇ ತಿರುಗಿ ತಿರುಗಿ ಯೋಸಫಾತ್ ಆಗಿತ್ತು. ಶತಮಾನಗಳ ಕಾಲ ಜನ ಅವರನ್ನು ಸಂತರೆಂದು ನೆನೆದರು.

ನಮ್ಮ ತಮಿಳುನಾಡಿನದೇ ಉದಾಹರಣೆ ಬೇಕೇ? 18ನೇ ಶತಮಾನದಲ್ಲಿ ಇಟಲಿಯಿಂದ ಬಂದ ಯೇಸುಸಭೆಯ ಗುರು ಬೆಸ್ಕಿ, ತಮಿಳರ ವೀರಮಾಮುನಿವರ್, 'ಪರಮಾರ್ಥ ಗುರುವಿನ ಕಥೆ'ಯನ್ನು ತಮಿಳಿನಲ್ಲಿ ಬರೆದರು. ಮೈಸೂರು ಸೀಮೆಯಲ್ಲಿ ಬಹುಕಾಲ ಸೇವೆ ಮಾಡಿದ ಫ್ರೆಂಚ್ ಗುರು ಅಬ್ಬೆ ದುಬಾಯ್, ತಮಿಳು, ತೆಲುಗು, ಕನ್ನಡ ಪ್ರತಿಗಳನ್ನು ಇಟ್ಟುಕೊಂಡು ಪಂಚತಂತ್ರವನ್ನು ಫ್ರೆಂಚಿಗೆ ತಂದರು; 1826ರಲ್ಲಿ ಅಚ್ಚಾದ ಆ ಪುಸ್ತಕದಲ್ಲಿ ಪರಮಾರ್ಥ ಗುರುವಿನ ಸಾಹಸಗಳೂ ಇದ್ದವು. ಹೀಗೆ ಕಥೆ ದೇಶ, ಮತ, ಭಾಷೆ ದಾಟುವುದು ನಮಗೆ ಹೊಸದಲ್ಲ, ನಮ್ಮ ಗುರುಗಳೇ ದಾಟಿಸಿದ್ದಾರೆ.

ಆದರೆ ನೋಡಿ, ಪ್ರತಿ ಸಲ ಕಥೆ ಬದಲಾದಾಗಲೂ ಬದಲಿಸಿದ ಮನುಷ್ಯ ಒಬ್ಬನಿದ್ದ. ಅವನಿಗೆ ಒಂದು ಊರಿತ್ತು, ಎದುರಿಗೆ ಕೇಳುವ ಜನರಿದ್ದರು, ತಪ್ಪಿ ಹೇಳಿದರೆ "ಏನಯ್ಯಾ ಇದು" ಎಂದು ಕೇಳುವವರಿದ್ದರು. ಬೆಸ್ಕಿ ತಮಿಳರ ನಡುವೆ ಬದುಕಿ, ತಮಿಳರ ಬಟ್ಟೆ ತೊಟ್ಟು, ಅವರ ನಗೆಯನ್ನು ಕಲಿತು ಬರೆದರು. ನಕ್ಕರೂ ಬೈದರೂ ಅದು ಅವರ ಮುಖಕ್ಕೇ ಬರುತ್ತಿತ್ತು.

ಇದು ಎಷ್ಟು ಮುಖ್ಯ ಎಂದು ತಿಳಿಯಲು ನಮ್ಮ ಕಾಂಗೇಯಂ ಪಕ್ಕದ ಓಲಪ್ಪಾಳಯಂಗೆ ಹೋಗೋಣ. ಕೊಂಗು ನಾಡಿನ ದೊಡ್ಡ ಕಥನ ಅಣ್ಣನ್ಮಾರ್ ಕಥೆ, ಅಂದರೆ ಪೊನ್ನರ್ ಶಂಕರ್ ಕಥೆ. 1965ರಲ್ಲಿ ಬ್ರೆಂಡಾ ಬೆಕ್ ಎಂಬ ಸಂಶೋಧಕಿ ಅಲ್ಲಿ ಒಬ್ಬ ಹಾಡುಗಾರರು ಜನರ ಮುಂದೆ ರಾತ್ರಿಗಟ್ಟಲೆ ಹಾಡಿದ್ದನ್ನು ಧ್ವನಿಮುದ್ರಿಸಿದರು. ಅದೇ ಹಾಡುಗಾರರು ಅದೇ ಕಥೆಯನ್ನು ಒಬ್ಬ ಬರಹಗಾರನ ಮುಂದೆ ಕುಳಿತು ಹೇಳಿ ಬರೆಸಿದರು. ಎರಡನ್ನೂ ಪಕ್ಕಪಕ್ಕದಲ್ಲಿಟ್ಟು ನೋಡಿದರೆ ಒಂದೇ ರೀತಿ ಇರಲಿಲ್ಲ. ಹೇಳಿದವರು ಒಬ್ಬರೇ, ಕಥೆಯೂ ಒಂದೇ, ಕೇಳುವ ಜನ ಎದುರಿಗಿಲ್ಲ ಎಂದ ಮಾತ್ರಕ್ಕೆ ಕಥೆ ಬೇರೆಯಾಯಿತು. ಬೆಕ್ ಅವರು 1982ರ ತಮ್ಮ ಪುಸ್ತಕದಲ್ಲಿ ಈ ವ್ಯತ್ಯಾಸವನ್ನು ವಿವರವಾಗಿ ಬರೆದಿದ್ದಾರೆ. ಕಥೆ ಪದಗಳಲ್ಲಿ ಮಾತ್ರ ಇರುವುದಿಲ್ಲ, ಹೇಳುವವರ ಮತ್ತು ಕೇಳುವವರ ನಡುವೆ ಇರುತ್ತದೆ ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಕೇ? ಯಂತ್ರದ ಕಥೆಯಲ್ಲಿ ಹೇಳುವವನೂ ಇಲ್ಲ, ಎದುರಿಗೆ ಕೂತ ಊರೂ ಇಲ್ಲ.

ಪರಮಾರ್ಥ ಗುರುವೂ ಶಿಷ್ಯರೂ ಹೊಳೆ ದಾಟಿದ ಮೇಲೆ ಎಲ್ಲರೂ ಇದ್ದೇವೆಯೇ ಎಂದು ಎಣಿಸಿದ ಪ್ರಸಂಗ ನಿಮಗೆ ಗೊತ್ತು. ಎಣಿಸಿದವನು ತನ್ನನ್ನೇ ಬಿಟ್ಟು ಎಣಿಸಿ, ಒಬ್ಬ ಹೊಳೆಯ ಪಾಲಾದ ಎಂದು ಅತ್ತ. ನಾವು ಅದಕ್ಕಿಂತ ಬುದ್ಧಿವಂತರು, ಅಳುವುದಿಲ್ಲ. ಕಥೆ ಇದೆ, ಚಿತ್ರ ಇದೆ, ದನಿ ಇದೆ, ಸಂಗೀತ ಇದೆ, ಎಲ್ಲ ಸರಿಯಾಗಿದೆ ಎಂದು ಎಣಿಸಿ ಮುಗಿಸುತ್ತೇವೆ. ಹೇಳಬೇಕಾದ ನಾವು ಲೆಕ್ಕದಲ್ಲಿ ಇಲ್ಲ ಎಂಬುದೇ ಗೊತ್ತಾಗುವುದಿಲ್ಲ.

ಹೇಳುವವನು ಬೆಲೆ ತೆರಬೇಕು

ಸಮುವೇಲನ ಎರಡನೇ ಗ್ರಂಥದ 12ನೇ ಅಧ್ಯಾಯದಲ್ಲಿ ಪ್ರವಾದಿ ನಾತಾನ ದಾವೀದ ಅರಸನ ಎದುರು ನಿಂತು ಒಂದು ಕಥೆ ಹೇಳುತ್ತಾನೆ. ಹತ್ತಾರು ಮಂದೆಗಳಿದ್ದ ಶ್ರೀಮಂತ, ಬಡವನ ಒಂದೇ ಒಂದು ಹೆಣ್ಣು ಕುರಿಮರಿಯನ್ನು ಕಿತ್ತುಕೊಂಡ ಕಥೆ. ದಾವೀದನಿಗೆ ಸಿಟ್ಟು ಬರುತ್ತದೆ. ಆಗ ನಾತಾನ ಆ ಶ್ರೀಮಂತ ಬೇರಾರೂ ಅಲ್ಲ, ಅರಸನೇ ಎಂದು ಬೆರಳು ತೋರಿಸುತ್ತಾನೆ. ದಾವೀದ ಆಗಷ್ಟೇ ಊರೀಯನನ್ನು ಕೊಲ್ಲಿಸಿದ್ದ. ಕೊಂದ ಕೈ ಇನ್ನೊಮ್ಮೆ ಏಳಲಾರದು ಎಂದು ನಾತಾನನಿಗೆ ಯಾರು ಹೇಳಿದ್ದರು? ಜೀವವನ್ನು ಅಂಗೈಯಲ್ಲಿ ಹಿಡಿದು ಹೇಳಿದ್ದರಿಂದ ಆ ಕಥೆ ಅರಸನ ಎದೆಗೆ ನಾಟಿತು.

ಯಂತ್ರಕ್ಕೆ ಕಳೆದುಕೊಳ್ಳಲು ಏನಿದೆ? ಅದು ಯಾರಿಗೂ ಹೆದರುವುದಿಲ್ಲ ನಿಜ, ಯಾರನ್ನೂ ಪ್ರೀತಿಸುವುದೂ ಇಲ್ಲ. ಅದು ಸತ್ಯದ ಬಗ್ಗೆ ಕಥೆ ಹೇಳಿದರೂ ಸುಳ್ಳಿನ ಬಗ್ಗೆ ಹೇಳಿದರೂ ಅದಕ್ಕೆ ಒಂದೇ. ಪುಣ್ಯಕೋಟಿಯ ಕಥೆಯನ್ನು ಅಜ್ಜಿ ಹೇಳುವಾಗ, ಕೊಟ್ಟ ಮಾತು ಉಳಿಸಿಕೊಳ್ಳುವುದು ಎಷ್ಟು ಕಷ್ಟ ಎಂದು ಆ ಅಜ್ಜಿಗೆ ಗೊತ್ತಿತ್ತು. ಸಾಲ ತೀರಿಸಲು ಓಲೆ ಅಡವಿಟ್ಟವಳು ಅವಳು. ಮಾತು ಕೊಟ್ಟು ತಪ್ಪಿದವರನ್ನು ಕಂಡವಳು. ಹಸು ಕರುವನ್ನು ಬಿಟ್ಟು ಹುಲಿಯ ಬಳಿಗೆ ನಡೆಯುವಾಗ ಅಜ್ಜಿಯ ದನಿ ಕಟ್ಟುತ್ತಿತ್ತು, ಮೊಮ್ಮಕ್ಕಳು ಅಳುತ್ತಿದ್ದರು. ಆ ಹುಲಿ ಕೊನೆಗೆ ಪ್ರಾಣ ಬಿಡುವುದು ಯಾಕೆ ಎಂದು ಕೇಳಿದ ಮಗುವಿಗೆ ಆ ರಾತ್ರಿ ನಿದ್ದೆ ಬರುತ್ತಿರಲಿಲ್ಲ. ಇವತ್ತು ಮಕ್ಕಳಿಗೆಂದು ಮಾಡಿದ ಎಷ್ಟೋ ವಿಡಿಯೋಗಳಲ್ಲಿ ಹುಲಿಯೂ ಹಸುವೂ ಗೆಳೆಯರಾಗಿ ಕುಣಿಯುತ್ತಾರೆ. ನಿದ್ದೆ ಚೆನ್ನಾಗಿ ಬರುತ್ತದೆ, ನಿಜ. ಬೆಳಿಗ್ಗೆ ಎದ್ದ ಮಗುವಿನಲ್ಲಿ ಏನು ಉಳಿದಿರುತ್ತದೆ?

ಎರಡು ಪ್ರಾಮಾಣಿಕ ಆಕ್ಷೇಪಗಳು

ಮೊದಲನೆಯದು ದುಡಿಯುವ ತಾಯಂದಿರದು. "ತಮ್ಮಾ, ನೀನು ಲೇಖನ ಬರೀತೀಯ. ಒಂದೂವರೆ ಶಿಫ್ಟ್ ಮುಗಿಸಿ ರಾತ್ರಿ ಒಂಬತ್ತೂವರೆಗೆ ಬಂದು ಕಥೆ ಹೇಳೋಕೆ ನನಗೆ ಎಲ್ಲಿದೆ ಶಕ್ತಿ? ಮಕ್ಕಳು ತಮಿಳು, ಇಂಗ್ಲಿಷ್ ಓದ್ತಾರೆ, ಕನ್ನಡ ಅಕ್ಷರ ಬರಲ್ಲ. ಫೋನಾದರೂ ಕನ್ನಡದಲ್ಲಿ ಮಾತಾಡುತ್ತಲ್ಲ!" ಈ ಮಾತಿಗೆ ನಾನು ತಲೆಬಾಗುತ್ತೇನೆ. ದಣಿದ ತಾಯಿಯ ಮೇಲೆ ಇನ್ನೊಂದು ಹೊರೆ ಹೊರಿಸುವುದು ನನ್ನ ಉದ್ದೇಶವಲ್ಲ. ಆದರೆ ಅಕ್ಕಾ, ಆ ಹೊರೆ ನಿಮ್ಮೊಬ್ಬರದೇ ಎಂದು ಯಾರು ಹೇಳಿದರು? ಧರ್ಮಕೇಂದ್ರ ಇರುವುದು ಯಾಕೆ, ನಾವು ಯುವಕರು ಇರುವುದು ಯಾಕೆ? ಇನ್ನೊಂದು ಮಾತು. ಫೋನು ಆಡುವ ಕನ್ನಡ ಪತ್ರಿಕೆಯ ಕನ್ನಡ. ನಿಮ್ಮ ಅತ್ತೆ ಆಡುವ, ನಡುವೆ ತಮಿಳು ಬೆರೆತ, ಕೊಳ್ಳೇಗಾಲದ ರಾಗವಿರುವ ಕನ್ನಡ ಅದಕ್ಕೆ ಗೊತ್ತಿಲ್ಲ. ಮಕ್ಕಳು ಫೋನಿನ ಕನ್ನಡವೇ ಸರಿ, ಅಜ್ಜಿಯದು ತಪ್ಪು ಎಂದುಕೊಂಡರೆ ಅಜ್ಜಿಯ ಬಾಯಿ ಮುಚ್ಚುತ್ತದೆ. ಅಕ್ಷರ ಬಾರದ ನಮ್ಮ ಮಕ್ಕಳಿಗೆ ಕನ್ನಡ ಉಳಿದಿರುವುದೇ ಆ ಬಾಯಲ್ಲಿ.

ಎರಡನೆಯದು ನಮ್ಮ ಓದಿದ ಹೆಣ್ಣುಮಕ್ಕಳ ಆಕ್ಷೇಪ. "ಹಳೆಯ ಕಥೆಗಳಲ್ಲಿ ಜಾತಿ ಇದೆ, ಹೆಣ್ಣಿನ ಅವಮಾನ ಇದೆ. ಯಂತ್ರ ಅದನ್ನು ತೊಳೆದು ಕೊಟ್ಟರೆ ತಪ್ಪೇನು?" ಹಳೆಯ ಕಥೆಗಳಲ್ಲಿ ಕೊಳೆ ಇದೆ ಎಂಬುದನ್ನು ನಾನು ಒಪ್ಪುತ್ತೇನೆ. ಆದರೆ ಯಂತ್ರ ತೊಳೆಯುವಾಗ ಕೊಳೆಯ ಜೊತೆ ಬಣ್ಣವೂ ಹೋಗುತ್ತದೆ. ಮಲೆ ಮಾದೇಶ್ವರನ ಹಾಡಿನಲ್ಲಿ ಬರುವ ಸಂಕಮ್ಮನ ಕಥೆ ತೆಗೆದುಕೊಳ್ಳಿ. ಅದು ಹೊರಗಿನ ಕಥೆಯಲ್ಲ. ಆ ಬೆಟ್ಟ ಆಗ ಸೇರಿದ್ದ ಕೊಳ್ಳೇಗಾಲ ತಾಲ್ಲೂಕು 1956ರ ನವೆಂಬರ್ 1ರವರೆಗೆ ಕೊಯಮತ್ತೂರು ಜಿಲ್ಲೆಯಲ್ಲೇ ಇತ್ತು. ನಮ್ಮ ನೆರೆಯವರು ಭಕ್ತಿಯಿಂದ ಕೇಳುವ ಹಾಡು ಅದು. ನಾವು ಅದನ್ನು ಪೂಜೆಗೆ ತರದಿದ್ದರೂ ಗೌರವದಿಂದ ಕೇಳಬಹುದು. ಕಾಡಿಗೆ ಹೊರಟ ಗಂಡ ಹೆಂಡತಿಯ ಶೀಲವನ್ನು ಶಂಕಿಸಿ ಆಣೆ ಇಡು ಎನ್ನುತ್ತಾನೆ. ಸಂಕಮ್ಮ ಆಣೆ ಇಡಲು ಒಪ್ಪುವುದಿಲ್ಲ. ಅದಕ್ಕಾಗಿ ಘೋರ ಹಿಂಸೆ ಅನುಭವಿಸುತ್ತಾಳೆ. ಮೃದು ಮಾಡಿ ಹೇಳಿದರೆ ಇದು 'ದಂಪತಿಗಳ ನಡುವೆ ನಂಬಿಕೆ ಇರಬೇಕು' ಎಂಬ ಕ್ಯಾಲೆಂಡರ್ ಮಾತಾಗುತ್ತದೆ. ಹಿಂಸೆಯನ್ನು ತೆಗೆದರೆ ಅವಳ ಧೈರ್ಯವೂ ಹೋಗುತ್ತದೆ. ತಪ್ಪು ಮಾಡದ ನಾನು ಯಾಕೆ ಆಣೆ ಇಡಬೇಕು ಎಂಬ ಆ ಹೆಣ್ಣಿನ ಪ್ರಶ್ನೆ ಇವತ್ತೂ ಎಷ್ಟು ಮನೆಗಳಲ್ಲಿ ಉತ್ತರವಿಲ್ಲದೆ ನಿಂತಿದೆ! ಹಳೆಯ ಕಥೆಯಲ್ಲಿ ಕೆಟ್ಟದ್ದಿದ್ದರೆ ಅದನ್ನು ನಾವೇ ಎದ್ದು ನಿಂತು, ಎಲ್ಲರ ಮುಂದೆ, "ಈ ಭಾಗ ನನಗೆ ಒಪ್ಪಿಗೆಯಿಲ್ಲ, ಯಾಕೆಂದರೆ..." ಎಂದು ಹೇಳಿ ತಿದ್ದಬೇಕು. ಹಾಗೆ ತಿದ್ದುವುದೇ ಒಂದು ನೀತಿಪಾಠ. ಯಂತ್ರ ಸದ್ದಿಲ್ಲದೆ ಅಳಿಸಿದರೆ, ಅಲ್ಲಿ ಅನ್ಯಾಯ ಇತ್ತೆಂಬುದೇ ಮಕ್ಕಳಿಗೆ ತಿಳಿಯದು.

ಧರ್ಮಸಭೆ ಏನು ಹೇಳಿದೆ?

ಇದು ಒಬ್ಬ ಹುಡುಗನ ಹಟ ಎಂದು ಯಾರಾದರೂ ಅಂದುಕೊಂಡರೆ ನೆನಪಿಸುತ್ತೇನೆ. ಜಗದ್ಗುರು ಫ್ರಾನ್ಸಿಸ್ 2020ರ ವಿಶ್ವ ಸಂಪರ್ಕ ದಿನದ ಸಂದೇಶವನ್ನು ಪೂರ್ತಿಯಾಗಿ ಕಥೆ ಹೇಳುವುದರ ಬಗ್ಗೆಯೇ ಬರೆದರು. ಮಕ್ಕಳಿಗೂ ಮೊಮ್ಮಕ್ಕಳಿಗೂ ಹೇಳಬೇಕು ಎಂಬ ವಿಮೋಚನಕಾಂಡದ ಮಾತನ್ನೇ ಅದಕ್ಕೆ ಶೀರ್ಷಿಕೆ ಮಾಡಿದರು. ಆಗ ಚಾಟ್‌ಜಿಪಿಟಿ ಬಂದಿರಲಿಲ್ಲ, ಅದು ಬಂದದ್ದು 2022ರ ನವೆಂಬರ್ 30ರಂದು. 2024ರ ಸಂದೇಶದಲ್ಲಿ ಅವರು ಕೃತಕ ಬುದ್ಧಿಮತ್ತೆಯ ಎದುರು ಹೃದಯದ ಜ್ಞಾನವನ್ನು ಇಟ್ಟರು. 2025ರ ಜನವರಿ 28ರಂದು ವ್ಯಾಟಿಕನ್ ಹೊರಡಿಸಿದ 'ಆಂತಿಕ್ವಾ ಎತ್ ನೋವಾ' ಎಂಬ ಪತ್ರ, ನೈತಿಕ ಹೊಣೆ ಹೊರಬಲ್ಲವನು ಮನುಷ್ಯನೊಬ್ಬನೇ ಎಂದು ಸ್ಪಷ್ಟವಾಗಿ ಹೇಳಿತು. ಅದೇ ವರ್ಷ ಮೇ 8ರಂದು ಆರಿಸಿಬಂದ ಜಗದ್ಗುರು 14ನೇ ಲಿಯೋ, ಆ ಹೆಸರು ಇಟ್ಟುಕೊಂಡ ಕಾರಣವನ್ನು ಎರಡು ದಿನದ ನಂತರ ಕಾರ್ಡಿನಲರಿಗೆ ವಿವರಿಸುವಾಗ, 1891ರಲ್ಲಿ ಕಾರ್ಮಿಕರ ಪರವಾಗಿ ಬರೆದ 13ನೇ ಲಿಯೋ ಅವರನ್ನೂ ಇಂದಿನ ಕೃತಕ ಬುದ್ಧಿಮತ್ತೆಯನ್ನೂ ಒಟ್ಟಿಗೆ ನೆನೆದರು. ತಿರುಪ್ಪೂರಿನವರಾದ ನಮಗೆ ಈ ಜೋಡಿ ಅರ್ಥವಾಗಬೇಕು. ಮಿಲ್ಲು ಬಂದಾಗ ಕೈಯ ಕೆಲಸ ಯಾರದು ಎಂಬ ಪ್ರಶ್ನೆ ಬಂದಿತ್ತು. ಈಗ ನಾಲಿಗೆಯ ಕೆಲಸ ಯಾರದು ಎಂಬ ಪ್ರಶ್ನೆ ಬಂದಿದೆ.

ಹಾಗಾದರೆ ಏನು ಮಾಡೋಣ?

ಫೋನು ಬಿಸಾಡಿ ಎಂದು ನಾನು ಹೇಳುತ್ತಿಲ್ಲ. ಹಾಡಿನ ಹಾಳೆ ಟೈಪ್ ಮಾಡಲು, ಸುತ್ತೋಲೆಯನ್ನು ತಮಿಳಿನಿಂದ ಕನ್ನಡಕ್ಕೆ ತರಲು, ಶಿಬಿರದ ವೇಳಾಪಟ್ಟಿ ಹಾಕಲು ಧಾರಾಳವಾಗಿ ಬಳಸಿ. ನೀತಿಯ ಕಥೆಯ ವಿಷಯದಲ್ಲಿ ಮಾತ್ರ ನಾಲ್ಕು ಕಟ್ಟು ಹಾಕಿಕೊಳ್ಳೋಣ ಎಂದು ನಮ್ಮ ಯುವ ಬಳಗದ ಮುಂದೆ ಇಡುತ್ತಿದ್ದೇನೆ.

ಒಂದು, ಧರ್ಮೋಪದೇಶ ತರಗತಿಯಲ್ಲಿ ಕಥೆಯನ್ನು ಓದಬಾರದು, ಹೇಳಬೇಕು. ಬೈಬಲ್ ಓದಿ, ಮುಚ್ಚಿ, ಮಕ್ಕಳ ಕಣ್ಣು ನೋಡಿ ಹೇಳಿ. ತೊದಲಿದರೂ ಪರವಾಗಿಲ್ಲ. ತೊದಲುವ ಅಣ್ಣನನ್ನು ಮಕ್ಕಳು ನಂಬುತ್ತಾರೆ.

ಎರಡು, ಕೆಳಗೆ 'ನೀತಿ' ಎಂದು ಬರೆಯುವ ಚಾಳಿ ಬಿಡಬೇಕು. ಯೇಸು ತೆರೆದಿಟ್ಟ ಬಾಗಿಲನ್ನು ನಾವು ಮುಚ್ಚಬಾರದು. ಅಣ್ಣ ಒಳಗೆ ಹೋದನೇ ಎಂದು ಮಕ್ಕಳನ್ನೇ ಕೇಳಿ, ಒಂದು ವಾರ ಸಮಯ ಕೊಡಿ.

ಮೂರು, ನಾಟಕಕ್ಕೋ ಹಾಡಿಗೋ ಯಂತ್ರದ ಸಹಾಯ ಪಡೆದಿದ್ದರೆ ಅದನ್ನು ಎಲ್ಲರಿಗೂ ತಿಳಿಸಬೇಕು. ಮುಚ್ಚಿಡುವ ಕೆಲಸದಿಂದ ನೀತಿ ಕಲಿಸಲಾಗದು.

ನಾಲ್ಕು, ಈ ಫೋನನ್ನೇ ಸರಿಯಾದ ಕೆಲಸಕ್ಕೆ ಹಚ್ಚೋಣ. ಪೂಜೆ ಮುಗಿದ ಮೇಲೆ ಅಜ್ಜಿಯರು, ತಾತಂದಿರು ಹೇಳುವ ಕಥೆಯನ್ನು ಅವರದೇ ಕನ್ನಡದಲ್ಲಿ, ಅವರ ಒಪ್ಪಿಗೆ ಪಡೆದು 'ರೆಕಾರ್ಡ್' ಮಾಡೋಣ. ಯಾವ ಊರಿನಿಂದ ಬಂದರು, ಯಾರಿಂದ ಕೇಳಿದರು ಎಂಬುದನ್ನೂ ಸೇರಿಸೋಣ. ಆದರೆ ಮಾಡಿಟ್ಟುಕೊಂಡರೆ ಸಾಲದು. ಕೇಳಿದವರು ಇನ್ನೊಬ್ಬರಿಗೆ ಬಾಯಾರೆ ಹೇಳಬೇಕು.

ಯಾಕೆ ಹೇಳಲೇಬೇಕು ಎಂಬುದಕ್ಕೆ ಕನ್ನಡದಲ್ಲೇ ಒಂದು ಕಥೆ ಇದೆ. ಎ.ಕೆ. ರಾಮಾನುಜನ್ ನಮ್ಮ ಅಜ್ಜಿಯರಂಥವರಿಂದ ಕೇಳಿ ಸಂಗ್ರಹಿಸಿದವುಗಳಲ್ಲಿ ಅದೂ ಒಂದು. ಒಬ್ಬ ಹೆಂಗಸಿಗೆ ಒಂದು ಕಥೆಯೂ ಒಂದು ಹಾಡೂ ಬರುತ್ತಿದ್ದವು. ಯಾರಿಗೂ ಹೇಳದೆ ಒಳಗೇ ಇಟ್ಟುಕೊಂಡಿದ್ದಳು. ಉಸಿರು ಕಟ್ಟಿದ ಅವು ಒಂದು ದಿನ ಅವಳು ಮಲಗಿದ್ದಾಗ ತಪ್ಪಿಸಿಕೊಂಡು, ಒಂದು ಚಪ್ಪಲಿ ಜೋಡಾಗಿಯೂ ಇನ್ನೊಂದು ಅಂಗಿಯಾಗಿಯೂ ಬಾಗಿಲ ಬಳಿ ಕೂತವು. ಇವು ಯಾರವು ಎಂದು ಗಂಡ ಜಗಳ ತೆಗೆದು ಮನೆ ಬಿಟ್ಟು ಹೋದ. ರಾತ್ರಿ ಗುಡಿಯಲ್ಲಿ ಊರಿನ ದೀಪಗಳು ಮಾತಾಡಿಕೊಳ್ಳುವುದನ್ನು ಕೇಳಿ ಅವನಿಗೆ ನಿಜ ತಿಳಿಯಿತು. ಓಡಿಬಂದು ಹೆಂಡತಿಯನ್ನು ಆ ಕಥೆ, ಆ ಹಾಡು ಯಾವುವು ಎಂದು ಕೇಳಿದ. ಅವಳಿಗೆ ಆಗಲೇ ಮರೆತುಹೋಗಿತ್ತು. ಯಾವ ಕಥೆ, ಯಾವ ಹಾಡು ಎಂದು ಅವನನ್ನೇ ಕೇಳಿದಳು.

ಕೊಯಮತ್ತೂರು, ತಿರುಪ್ಪೂರಿನ ನಮ್ಮ ಮನೆಗಳಲ್ಲಿ ಅಂಥ ಹೆಂಗಸರು ಇನ್ನೂ ಇದ್ದಾರೆ, ಅವರಿಗೆ ಇನ್ನೂ ಮರೆತಿಲ್ಲ. ಈ ಭಾನುವಾರ ಅವರ ಪಕ್ಕ ಹೋಗಿ ಕೂತು, "ಅಜ್ಜೀ, ಒಂದು ಕಥೆ ಹೇಳಿ" ಎನ್ನಿ. ಅವರು ಹೇಳಿದ್ದು ನಿಮ್ಮನ್ನು ಚುಚ್ಚಿದರೆ, ಆ ಮುಳ್ಳನ್ನು ಕೀಳದೆ ಹಾಗೆಯೇ ಮುಂದಿನವರಿಗೆ ಕೊಡಿ.